ಅಪ್ಪನ ಜೀಪು ಶೆಡ್ಡಿನಲ್ಲಿದೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಅಪ್ಪ ತೋಟಕ್ಕೆ ಓಡಿಸುತ್ತಿದ್ದ 1989ರ ಮಹೀಂದ್ರ ಎಂಎಂ 540 ಜೀಪು, ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಟಾರ್ಪಾಲು ಹೊದಿಸಿಟ್ಟಿದ್ದೆವು. ಈಗ ತೆಗೆದು ನೋಡಿದರೆ ಡ್ರೈವರ್ ಕಾಲಿಡುವ ಜಾಗದಲ್ಲಿ ತಗಡು ತೂತಾಗಿ ನೆಲ ಕಾಣುತ್ತಿದೆ. ಅಣ್ಣ ಗುಜರಿಗೆ ಹಾಕೋಣ ಅಂತಾನೆ. ಪೇಟೆಯ ಟಿಂಕರಿಂಗ್‌ನವರು ಹದಿನೈದು ದಿನದಲ್ಲಿ ಹೊಸದರ ಹಾಗೆ ಮಾಡಿಕೊಡುತ್ತೇನೆ ಅಂತಾರೆ. ನನಗೆ ಶನಿವಾರ, ಭಾನುವಾರ ಬಿಡುವಿರುತ್ತದೆ. ಗ್ರೈಂಡರ್, ಸ್ಪ್ಯಾನರ್ ಸೆಟ್ ಇವೆ. ವೆಲ್ಡಿಂಗ್ ಬರುವುದಿಲ್ಲ. ಹೆಣ್ಣುಮಗಳಿಗೆ ಯಾಕೆ ಈ ಉಸಾಬರಿ ಅನ್ನುವವರೂ ಇದ್ದಾರೆ. ನಾನೇ ಮಾಡಬಹುದಾ ಸರ್?

ಉತ್ತರ: ಖಂಡಿತ ಮಾಡಬಹುದು ಮೇಡಂ. ಹಳೆಯ ಜೀಪಿನಷ್ಟು ಸಲೀಸಾಗಿ ಬಿಚ್ಚಿ ಜೋಡಿಸಬಹುದಾದ ನಾಲ್ಕು ಚಕ್ರದ ಗಾಡಿ ಇನ್ನೊಂದಿಲ್ಲ. ಬಾನೆಟ್ಟು, ಮಡ್‌ಗಾರ್ಡು, ಗಾಜಿನ ಫ್ರೇಮು ಎಲ್ಲಕ್ಕೂ ನಟ್ಟು ಬೋಲ್ಟು. ಆದರೆ ಹದಿನೈದು ದಿನದ ಮಾತಿಗೆ ಈಗಲೇ ಒಪ್ಪಬೇಡಿ. ಆ ಕೆಲಸಗಾರರು ಕೆಟ್ಟವರು ಅಂತಲ್ಲ. ಹದಿನೈದು ದಿನ ಪುಟ್ಟಿ ಮೆತ್ತಿ ಪೇಂಟ್ ಹೊಡೆಯಲು ಸಾಕು, ತುಕ್ಕು ತೆಗೆಯಲು ಸಾಲದು.

ಜೀಪು ಹೀಗಾಗಲು ಕಾರಣ ಆ ಟಾರ್ಪಾಲೇ ಇರಬಹುದು. ಮಣ್ಣಿನ ನೆಲದಿಂದ ತೇವ ಮೇಲೇಳುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದು ಹೊರಗೆ ಹೋಗಲಾರದೆ ತಗಡಿನ ಮೇಲೆ ಬೆವರಿನ ಹಾಗೆ ಕೂರುತ್ತದೆ. ಇನ್ನೊಂದು ಕಾರಣ ಗೊಬ್ಬರ. ತೋಟದ ಜೀಪು ಅಂದ ಮೇಲೆ ಹಿಂದೆ ಪೊಟ್ಯಾಷ್ ಚೀಲ ಹೇರಿರುತ್ತೀರಿ ಅಲ್ವಾ? ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಒಂದು ಬಗೆಯ ಉಪ್ಪೇ. ಚೆಲ್ಲಿದ ಪುಡಿ ಸಂದಿಗಳಲ್ಲಿ ಕೂತು, ಗಾಳಿಯ ತೇವ ಹೀರಿ, ವರ್ಷಗಟ್ಟಲೆ ಕಬ್ಬಿಣ ತಿನ್ನುತ್ತದೆ. ಹಾಗಾಗಿ ಮೊದಲ ಭಾನುವಾರ ಬೇರೇನೂ ಬೇಡ. ಮ್ಯಾಟು, ಸೀಟು ತೆಗೆದು ಇಡೀ ಗಾಡಿಯನ್ನು, ಮುಖ್ಯವಾಗಿ ಅಡಿಭಾಗವನ್ನು, ಜೋರು ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸಿ. ಚಾಸಿ ಅಂದರೆ ಗಾಡಿಯ ಭಾರವೆಲ್ಲ ಹೊರುವ ಕಬ್ಬಿಣದ ಚೌಕಟ್ಟು. ಅದರ ಅಡಿಯಲ್ಲಿ ನೀರು ಇಳಿಯಲು ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಹೋಗಿರುತ್ತವೆ. ಕಂಬಿ ಹಾಕಿ ಬಿಡಿಸಿ.

ಆಮೇಲೆ ಒಂದು ಸಣ್ಣ ಸುತ್ತಿಗೆ, ಒಂದು ಹಳೆಯ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ. ಗುಜರಿಗೋ, ಮನೆಗೋ ಅನ್ನುವುದು ತೀರ್ಮಾನವಾಗುವುದು ಅಲ್ಲೇ. ಚಾಸಿಯನ್ನು ಮುಂದಿನಿಂದ ಹಿಂದಿನವರೆಗೆ ಒಂದೊಂದು ಗೇಣಿಗೆ ತಟ್ಟುತ್ತಾ ಬನ್ನಿ. ಠಣ್ ಅಂದರೆ ಗಟ್ಟಿ. ದಬ್ ಅಂದು ಸದ್ದು ಸತ್ತರೆ ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಪ್ಲೇಟ್ ಸ್ಪ್ರಿಂಗ್ ಸೇರುವ ಬ್ರಾಕೆಟ್‌ಗಳು, ಹಿಂದಿನ ಅಡ್ಡಪಟ್ಟಿ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಬಾಡಿ ಕೂರುವ ರಬ್ಬರಿನ ಅಡಿ, ಇವನ್ನು ಎರಡೆರಡು ಸಲ ನೋಡಿ. ಒಮ್ಮೆ ನನ್ನ ಹತ್ತಿರ ಫಳಫಳ ಹೊಳೆಯುವ ಜೀಪೊಂದು ಬಂದಿತ್ತು. ಕೊಂಡು ಮೂರು ವಾರವಾಗಿತ್ತು. ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಕಪ್ಪು ಬಣ್ಣದ ಮೇಲೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಎಳೆದರೆ ಕಾಫಿ ಪುಡಿಯಂಥ ಕೆಂಪು ತುಕ್ಕು ಅಂಗೈ ತುಂಬಾ ಸುರಿಯಿತು. ಅದೇ ಗಾಡಿಯಲ್ಲಿ ಅವರು ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿದು ಬಂದಿದ್ದರು.

ನಿಮ್ಮ ಚಾಸಿ ಗಟ್ಟಿಯಿದ್ದರೆ ಅಣ್ಣನಿಗೆ ಧೈರ್ಯವಾಗಿ ಹೇಳಿ, ಇದು ಗುಜರಿ ಅಲ್ಲ ಅಂತ. ನೆಲದ ತಗಡು ತೂತಾಗಿರುವುದು ದೊಡ್ಡ ವಿಷಯವೇ ಅಲ್ಲ. ಚಾಸಿಯೇ ಎರಡು ಮೂರು ಕಡೆ ಪುಡಿಯಾಗಿದ್ದರೆ ಮಾತ್ರ, ಲಾರಿ ಚಾಸಿ ಕೆಲಸ ಗೊತ್ತಿರುವವರಿಗೆ ತೋರಿಸಿ, ಖರ್ಚು ಕೇಳಿ, ಆಮೇಲೆ ಮುಂದುವರಿಯಿರಿ.

ಕಾಗದಪತ್ರವನ್ನೂ ಈಗಲೇ ನೋಡಿಕೊಳ್ಳಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಲು ಫಾರಂ 31, ನವೀಕರಣಕ್ಕೆ ಫಾರಂ 25. ಗಾಡಿ ಪರೀಕ್ಷೆ ಮಾಡುವಾಗ ಚಾಸಿ ನಂಬರ್ ಸ್ಪಷ್ಟವಾಗಿ ಕಾಣಬೇಕು. ಹಾಗಾಗಿ ಗ್ರೈಂಡರ್ ಕೈಗೆತ್ತಿಕೊಳ್ಳುವ ಮುಂಚೆ ಆ ನಂಬರ್ ಎಲ್ಲಿದೆ ಹುಡುಕಿ, ಅದರ ಮೇಲೆ ಗ್ರೀಸ್ ಬಳಿದು ಟೇಪ್ ಅಂಟಿಸಿ. ಆ ಜಾಗಕ್ಕೆ ಗ್ರೈಂಡರ್, ವೆಲ್ಡಿಂಗ್ ಎರಡೂ ತಾಗಬಾರದು. ನಂಬರ್ ಅಳಿಸಿಹೋದರೆ ನೀವು ಪಟ್ಟ ಪಾಡೆಲ್ಲ ನೀರಲ್ಲಿ ಹೋಮ.

ಗಾಡಿ ಎತ್ತುವಾಗ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಇಟ್ಟಿಗೆ, ಜಂಬಿಟ್ಟಿಗೆ ಕಲ್ಲು ಕೊಟ್ಟು ನಿಲ್ಲಿಸಲೂಬೇಡಿ. ಅವು ಮುನ್ಸೂಚನೆ ಇಲ್ಲದೆ ಬಿರಿಯುತ್ತವೆ. ಕಬ್ಬಿಣದ ಸ್ಟ್ಯಾಂಡ್ ನಾಲ್ಕು ತನ್ನಿ. ಈ ಇಡೀ ಕೆಲಸದಲ್ಲಿ ಮೊದಲ ಖರ್ಚು ಅದೇ ಆಗಲಿ.

ಎಂಜಿನ್ ಸ್ಟಾರ್ಟ್ ಮಾಡುವ ಆಸೆ ಎಲ್ಲರಿಗೂ ಮೊದಲು. ನಾನು ಹೇಳುವುದು ಬ್ರೇಕು ಮೊದಲು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಒಂಬತ್ತು ವರ್ಷದಲ್ಲಿ ಚಕ್ರದೊಳಗಿನ ಸಿಲಿಂಡರ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಬಹಳಷ್ಟು ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೂ ಪೆಡಲು ಸೀದಾ ನೆಲಕ್ಕೆ. ರಬ್ಬರ್ ಕಿಟ್, ಹೋಸ್ ಪೈಪು ಎಲ್ಲ ಹೊಸದು ಹಾಕಿ. ಸೀಮೆಎಣ್ಣೆಯಲ್ಲಿ ಆ ರಬ್ಬರ್ ತೊಳೆಯಬೇಡಿ, ಉಬ್ಬಿಕೊಳ್ಳುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಇನ್ನು ತುಕ್ಕು. ಇಲ್ಲಿ ಮಲೆನಾಡಿನವರು ನೆನಪಿಡಬೇಕಾದ ಮಾತೊಂದಿದೆ. ಉತ್ಸಾಹದಲ್ಲಿ ಇಡೀ ಬಾಡಿಯ ಬಣ್ಣ ಒಂದೇ ಸಲ ಕೆರೆದು ಬಿಡಬೇಡಿ. ಬೆತ್ತಲೆ ತಗಡು ನಿಮ್ಮ ಕಡೆಯ ಗಾಳಿಗೆ ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ಅವತ್ತೇ ಪ್ರೈಮರ್ ಹೊಡೆಯಲು ಆಗುವಷ್ಟು ಜಾಗ ಮಾತ್ರ ಅವತ್ತು ಕೆರೆಯಿರಿ. ಒಂದು ಭಾನುವಾರ ಒಂದು ಮಡ್‌ಗಾರ್ಡು, ಅಷ್ಟೇ. ಗ್ರೈಂಡರಿಗೆ ವೈರ್ ಬ್ರಶ್ ಹಾಕಿ, ಕನ್ನಡಕ, ಮಾಸ್ಕ್ ಹಾಕಿಕೊಂಡು ಮಾಡಿ. ಆ ಬ್ರಶ್ಶಿನ ತಂತಿ ಕಿತ್ತು ಬಂದರೆ ಸೂಜಿಯ ಹಾಗೆ ಚುಚ್ಚುತ್ತದೆ. ಪದರ ಏಳುವ ತುಕ್ಕೆಲ್ಲ ಹೋದ ಮೇಲೆ ಗುಳಿಗಳಲ್ಲಿ ಉಳಿದ ಕಪ್ಪಿಗೆ ಮಾತ್ರ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಬಳಿಯಿರಿ. ಪದರ ತುಕ್ಕಿನ ಮೇಲೇ ಬಳಿದರೆ ದಂಡ.

ಪ್ರೈಮರ್ ವಿಷಯದಲ್ಲಿ ಎಲ್ಲರೂ ರೆಡ್ ಆಕ್ಸೈಡ್ ಅನ್ನುತ್ತಾರೆ. ಅದು ನೀರು ತಡೆಯುವುದಿಲ್ಲ. ಅದರ ಮೇಲೆ ಬಣ್ಣ ಬೀಳದೆ ಒಂದು ಮಳೆಗಾಲ ಕಳೆದರೆ ಅಡಿಯಲ್ಲಿ ಮತ್ತೆ ತುಕ್ಕು ಹುಟ್ಟುತ್ತದೆ. ವಾರಾಂತ್ಯದ ಕೆಲಸ ತಿಂಗಳುಗಟ್ಟಲೆ ಎಳೆಯುವುದರಿಂದ ನಿಮಗೆ ಎರಡು ಡಬ್ಬದ ಎಪಾಕ್ಸಿ ಪ್ರೈಮರ್ ಸರಿ. ದುಡ್ಡು ಜಾಸ್ತಿ, ಆದರೆ ಅದು ನೀರನ್ನು ತಡೆದು ನಿಲ್ಲುತ್ತದೆ.

ವೆಲ್ಡಿಂಗ್ ಮಾತ್ರ ಹೊರಗೆ ಕೊಡಿ, ಆದರೆ ಪಕ್ಕದಲ್ಲಿ ನಿಂತು ಮಾಡಿಸಿ. ಸಿಓಟು ವೆಲ್ಡಿಂಗ್ (ಗ್ಯಾಸಿನ ಜೊತೆ ತೆಳು ತಂತಿ ಬಿಟ್ಟು ಬೆಸೆಯುವುದು) ಇರುವವರೇ ಆಗಬೇಕು. ಮಾಮೂಲಿ ಕಡ್ಡಿ ವೆಲ್ಡಿಂಗ್ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ನೆಲಕ್ಕೆ 18 ಗೇಜಿನ ಸಿಆರ್ ಶೀಟ್ (ಸತುವಿನ ಲೇಪವಿಲ್ಲದ ನುಣುಪು ಉಕ್ಕಿನ ತಗಡು) ಸಾಕು, ಅಂದಾಜು 1.2 ಮಿಲಿಮೀಟರ್ ದಪ್ಪ. ಸತು ಲೇಪಿಸಿದ ಜಿಐ ಶೀಟ್ ಬೇಡ, ಅದರ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ, ಅಂಚಿಗೆ ಅಂಚು ಕೂರಿಸಿ ಬೆಸೆಯಲು ಹೇಳಿ. ಹಳೆಯದರ ಮೇಲೆ ಹೊಸ ತುಂಡು ಹೊದಿಸಿ ಬೆಸೆದರೆ ಎರಡರ ನಡುವೆ ನೀರು ನಿಲ್ಲುತ್ತದೆ, ನಾಲ್ಕು ವರ್ಷಕ್ಕೆ ಅದೇ ಕಥೆ. ಡೀಸೆಲ್ ಟ್ಯಾಂಕಿಗೆ ಮಾತ್ರ, ಖಾಲಿ ಇದ್ದರೂ, ವೆಲ್ಡಿಂಗ್ ಹತ್ತಿರ ತರಬೇಡಿ. ಒಳಗಿನ ಆವಿ ಸಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಚಾಸಿಯ ಟೊಳ್ಳಿನೊಳಗೆ ಉದ್ದ ಪೈಪಿನಲ್ಲಿ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ, ಹೊಡೆಸಿ. ಹಳೆಯ ಎಂಜಿನ್ ಆಯಿಲ್ ಹೊಡೆಯುವ ಪದ್ಧತಿ ಬಿಟ್ಟುಬಿಡಿ. ಅದು ರಬ್ಬರ್ ಬುಶ್ ಹಾಳು ಮಾಡುತ್ತದೆ, ಚರ್ಮಕ್ಕೂ ಕೆಟ್ಟದ್ದು, ತೊಟ್ಟಿಕ್ಕಿ ನಿಮ್ಮ ತೋಟದ ಮಣ್ಣಿಗೇ ಸೇರುತ್ತದೆ. ಬಣ್ಣದ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ, ಇಬ್ಬನಿ ಆರಿದ ಮೇಲೆ ಶುರು ಮಾಡಿ. ನಿಮ್ಮ ಲೆಕ್ಕದಲ್ಲಿ ಎರಡು ಬೇಸಿಗೆ ಬೇಕಾಗಬಹುದು. ಬೇಸರ ಬೇಡ.

ಪ್ರಶ್ನೆ: ತಾತ ಕೊಂಡಿದ್ದ 1968ರ ಸಿಜೆ 3ಬಿ ಜೀಪು ಇದೆ, ಪೆಟ್ರೋಲ್ ಎಂಜಿನ್. ಹ್ಯಾಂಡಲ್ ಹಾಕಿದರೂ ಎಂಜಿನ್ ತಿರುಗುತ್ತಿಲ್ಲ. ಅದನ್ನು ತೆಗೆದು ಡೀಸೆಲ್ ಎಂಜಿನ್ ಕೂರಿಸಿ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಏನು ಮಾಡಲಿ? (ಸಾಗರ)

ಉತ್ತರ: ದಯವಿಟ್ಟು ತೆಗೆಸಬೇಡಿ. ಅದು ಹರಿಕೇನ್ ಅನ್ನುವ 2.2 ಲೀಟರ್ ಎಂಜಿನ್. ಆ ಎತ್ತರದ ಎಂಜಿನ್ ಒಳಗೆ ಹಿಡಿಯಲಿ ಅಂತಲೇ 3ಬಿಯ ಬಾನೆಟ್ಟನ್ನು ಅಷ್ಟು ಎತ್ತರ ಮಾಡಿದ್ದು. ಎಂಜಿನ್ ಹೋದರೆ ಗಾಡಿಯ ಮುಖಕ್ಕೇ ಅರ್ಥವಿಲ್ಲ. ಅಲ್ಲದೆ 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಮೊದಲೇ ನೋಂದಣಿಯಾಗಿರುವ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಣಿಯಾಗುವ ಗಾಡಿಯ ನಂಬರಿನಲ್ಲಿ ಮಾತ್ರ ವಿಎ ಅಕ್ಷರ ಬರುತ್ತದೆ. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ, ಅದನ್ನು ಯೋಚಿಸಿ ನಿರ್ಧರಿಸಿ.

ಕಚ್ಚಿಕೊಂಡ ಎಂಜಿನ್ನಿಗೆ ಬೇಕಾದದ್ದು ತಾಳ್ಮೆ. ಪ್ಲಗ್ ನಾಲ್ಕೂ ಬಿಚ್ಚಿ ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ಎಟಿಎಫ್ ಆಯಿಲ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವಂಥದ್ದು) ಸಮ ಬೆರೆಸಿ ಸ್ವಲ್ಪ ಸುರಿಯಿರಿ. ಒಂದು ವಾರ ಬಿಡಿ, ಮಧ್ಯೆ ಮಧ್ಯೆ ಮತ್ತೆ ಸುರಿಯಿರಿ. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದ ಹಾಗೆ. ಸೆಲ್ಫ್ ಹೊಡೆಯಬೇಡಿ, ಇನ್ನೊಂದು ಗಾಡಿ ಕಟ್ಟಿ ಎಳೆಸಬೇಡಿ, ಪಿಸ್ಟನ್ ರಿಂಗ್ ಮುರಿಯುತ್ತದೆ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೇ ಇರುತ್ತದೆ, ಅದೂ ಹಿಡಿದುಕೊಂಡಿರಬಹುದು. ಪಕ್ಕದ ಮುಚ್ಚಳ ತೆಗೆದು ನೋಡಿ. ತಿರುಗಲು ಶುರುವಾದ ಮೇಲೆ ಹಳೆಯ ಆಯಿಲ್ ಪೂರ್ತಿ ಬಸಿದು ಹೊಸದು ಹಾಕದೆ ಸ್ಟಾರ್ಟ್ ಮಾಡಬೇಡಿ.

ಪ್ರಶ್ನೆ: ತುಕ್ಕು ಹಿಡಿದ ಸಣ್ಣ ಭಾಗಗಳನ್ನು ಸೋಡಾ ನೀರಿನಲ್ಲಿ ಕರೆಂಟ್ ಕೊಟ್ಟು ಶುಚಿ ಮಾಡಬಹುದಂತೆ, ನಿಜವಾ? (ಕುಂದಾಪುರ)

ಉತ್ತರ: ನಿಜ. ಕರಾವಳಿಯ ಉಪ್ಪುಗಾಳಿಯ ತುಕ್ಕಿಗೆ ಒಳ್ಳೆಯ ದಾರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ನಿಮ್ಮ ಭಾಗಕ್ಕೆ, ಪ್ಲಸ್ ಒಂದು ಬೇಡದ ಕಬ್ಬಿಣದ ತುಂಡಿಗೆ. ಎರಡೂ ಒಂದನ್ನೊಂದು ಮುಟ್ಟಬಾರದು. ರಾತ್ರಿ ಕಳೆದು ತೆಗೆದರೆ ತುಕ್ಕು ಕಪ್ಪು ಕೆಸರಾಗಿ ಬ್ರಶ್ಶಿಗೆ ಬರುತ್ತದೆ. ಪ್ಲಸ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ, ತಟ್ಟೆ ಕಟ್ಟಬೇಡಿ. ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೈಡ್ರೋಜನ್ ಗಾಳಿ ಏಳುವುದರಿಂದ ಬಯಲಿನಲ್ಲಿಡಿ, ಬೆಂಕಿ ಕಡ್ಡಿ ಗೀರಬೇಡಿ. ಸ್ಪ್ರಿಂಗು, ಸ್ಟೀರಿಂಗ್ ಬೋಲ್ಟುಗಳನ್ನು ಇದರಲ್ಲಿ ಹಾಕಬೇಡಿ. ಗಟ್ಟಿ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತದೆ.

ಪ್ರಶ್ನೆ: ಜೀಪಿಗೆ ಮಿಲಿಟರಿ ಹಸಿರು ಹೊಡೆಸುವ ಆಸೆ. ಅಪ್ಪ ಸೇನೆಯಲ್ಲಿದ್ದರು. (ಮಡಿಕೇರಿ)

ಉತ್ತರ: ನಿಮ್ಮ ಆಸೆ ಅರ್ಥವಾಗುತ್ತದೆ, ಆದರೆ ಆಗದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮದಂತೆ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬೇರೆ ಯಾವ ಬಣ್ಣ ಹೊಡೆಸಿದರೂ ಆರ್‌ಟಿಒದಲ್ಲಿ ಹೇಳಿ ಆರ್‌ಸಿಯಲ್ಲಿ ಬರೆಸಿ.

ಪ್ರಶ್ನೆ: ಜೀಪು ರೆಡಿಯಾಗಿ ಓಡುತ್ತಿದೆ. ಆದರೆ ಫೋರ್ ವೀಲ್ ಲಿವರ್ ಒಮ್ಮೆ ಹಾಕಿದರೆ ವಾಪಸ್ ಬರುವುದಿಲ್ಲ. ಗೇರ್ ಬಾಕ್ಸ್ ಬಿಚ್ಚಬೇಕಾ? (ಸಕಲೇಶಪುರ)

ಉತ್ತರ: ಬಿಚ್ಚುವ ಮುಂಚೆ ಒಂದು ಮಾತು: ಎಲ್ಲಿ ಹಾಕಿ ನೋಡಿದಿರಿ, ಟಾರು ರಸ್ತೆಯಲ್ಲಾ? ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರುವುದಿಲ್ಲ, ಆ ಬಿಗಿತವೆಲ್ಲ ಶಾಫ್ಟಿನಲ್ಲಿ ಹುರಿಗೊಂಡು ಲಿವರ್ ಕಚ್ಚುತ್ತದೆ. ಹತ್ತು ಅಡಿ ನೇರ ರಿವರ್ಸ್ ತೆಗೆದು ನೋಡಿ, ತಾನಾಗೇ ಬಿಡುತ್ತದೆ. ಹಸಿ ಮಣ್ಣಿನಲ್ಲೂ ಹಾಗೇ ಆದರೆ ಮೊದಲು ಅಡಿಯಲ್ಲಿರುವ ಲಿವರ್ ಸಂದುಗಳ ಮಣ್ಣು ತೊಳೆದು ಗ್ರೀಸ್ ಹೊಡೆಯಿರಿ. ಬಹಳ ಸಲ ತೊಂದರೆ ಇರುವುದು ಅಲ್ಲೇ.