ಸುಡುಗಾಡು ಎಲ್ಲಿಗೆ ಹೋಗಬೇಕು, ಮೇಷ್ಟ್ರೇ?

ಓದುಗರ ಪತ್ರ:

"ನಮ್ಮ ಊರಿನ ಹಳೆಯ ರುದ್ರಭೂಮಿ ಒಂದು ಕಾಲಕ್ಕೆ ಊರಾಚೆ ಇತ್ತು. ಈಗ ಅದರ ಸುತ್ತ ಮೂರು ಬಡಾವಣೆ ಎದ್ದಿವೆ. ಹೊಗೆ ಮನೆಯೊಳಗೆ ಬರುತ್ತದೆ. ಮೊಮ್ಮಕ್ಕಳು ರಾತ್ರಿ ಕಿಟಕಿ ತೆಗೆಯಲು ಹೆದರುತ್ತಾರೆ. ಸೈಟಿಗೆ ಬೆಲೆಯೂ ಇಲ್ಲ. ಅದನ್ನು ಆರು ಕಿಲೋಮೀಟರ್ ದೂರದ ಸರ್ಕಾರಿ ಜಮೀನಿಗೆ ಸಾಗಿಸಿ, ಅಲ್ಲಿ ಗ್ಯಾಸಿನ ಚಿತಾಗಾರ ಕಟ್ಟಿ, ಹಳೆಯ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಮಾಡಲು ಪುರಸಭೆ ಯೋಚಿಸುತ್ತಿದೆ. ಅಲ್ಲಿರುವ ಹಳೆಯ ಹುಣಸೆಮರ ಒಂದನ್ನು ಕಡಿಯಬೇಕಾಗುತ್ತದೆ, ಅಷ್ಟೇ. ಕೆಲವರು ಸುಮ್ನೆ ವಿರೋಧ ಮಾಡುತ್ತಿದ್ದಾರೆ. ನೀವು ಈ ಬಗ್ಗೆ ಬರೆಯಬೇಕು. ಹೆಸರು, ಊರು ಹಾಕಬೇಡಿ." (ನಿವೃತ್ತ ಶಿಕ್ಷಕರೊಬ್ಬರು)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಇಪ್ಪತ್ತು ವರ್ಷದಿಂದ ನಮ್ಮ ಪತ್ರಿಕೆ ತರಿಸುತ್ತಿದ್ದೀರಿ ಅಂತ ಬೇರೆ ಬರೆದಿದ್ದೀರಿ. ಅದಕ್ಕೇ ನಿಮ್ಮ ಜೊತೆ ಸ್ವಲ್ಪ ಜಗಳ ಆಡುವ ಸಲಿಗೆ ತೆಗೆದುಕೊಳ್ಳುತ್ತಿದ್ದೇನೆ. ಬರೆಯಿರಿ ಅಂದಿರಿ, ಬರೆಯುತ್ತಿದ್ದೇನೆ. ನೀವು ಬಯಸಿದ ಹಾಗಲ್ಲ.

ಹೊಗೆಯ ವಿಷಯದಲ್ಲಿ ನೀವು ಹೇಳುವುದು ನಿಜ. ಒಂದು ಹೆಣ ಸುಡಲು ಮುನ್ನೂರರಿಂದ ನಾನೂರು ಕಿಲೋ ಸೌದೆ ಬೇಕು. ಸೌದೆ ಹಸಿ ಇದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ಸೀಮೆಎಣ್ಣೆ, ಸಕ್ಕರೆ, ಕೆಲವು ಕಡೆ ಹಳೆಯ ಟೈರು. ಆ ಹೊಗೆ ಕುಡಿದುಕೊಂಡು ಯಾರೂ ಬದುಕಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1902ರಲ್ಲೇ ಇದಕ್ಕೆ ಕಾನೂನು ಮಾಡಿದರು. ಮನೆಯಿಂದ ಇನ್ನೂರು ಗಜದೊಳಗೆ ಚಿತಾಗಾರ ಕಟ್ಟಬೇಕಾದರೆ ಮನೆಯವರ ಒಪ್ಪಿಗೆ ಬೇಕು ಅಂತ. ನಿಮ್ಮ ಪರವಾಗಿ ಇಷ್ಟು ಹೇಳಿದೆ.

ಈಗ ನನ್ನ ಮಾತು. ಸುಡುಗಾಡು ನಿಮ್ಮ ಬಡಾವಣೆಗೆ ಬರಲಿಲ್ಲ ಮೇಷ್ಟ್ರೇ, ನಿಮ್ಮ ಬಡಾವಣೆ ಸುಡುಗಾಡಿಗೆ ಬಂತು. ಸೈಟು ಕೊಳ್ಳುವಾಗ ಅದು ಅಲ್ಲೇ ಇತ್ತು. ಅದಕ್ಕೇ ಅಲ್ವಾ ಸ್ವಲ್ಪ ಅಗ್ಗಕ್ಕೆ ಸಿಕ್ಕಿದ್ದು? ನಕ್ಷೆಗೆ ಸಹಿ ಹಾಕಿದ ಅಧಿಕಾರಿಗೂ ಅದು ಕಾಣುತ್ತಿತ್ತು. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ" ಎನ್ನುತ್ತಿದ್ದಳು ನಮ್ಮಜ್ಜಿ, ತನ್ನ ವಯಸ್ಸಿನ ಬಗ್ಗೆ. ಈಗ ಕಾಡಿನಲ್ಲೂ ಸೈಟು ಹಾಕಿದ್ದಾರೆ. ಅದೂ ಹೋಗು ಅನ್ನುತ್ತಿದೆ.

ಹೊಗೆಗೆ ಮದ್ದು ಉಂಟು. ಗ್ಯಾಸಿನ ಕುಲುಮೆ, ಎತ್ತರದ ಚಿಮಣಿ, ಹೊಗೆಯನ್ನು ನೀರಿನಲ್ಲಿ ತೊಳೆದು ಬಿಡುವ ಸ್ಕ್ರಬ್ಬರ್. ಆರು ಕಿಲೋಮೀಟರ್ ದೂರದಲ್ಲಿ ಕಟ್ಟುವ ಅದೇ ಕುಲುಮೆಯನ್ನು ಈಗಿರುವ ಜಾಗದಲ್ಲಿ ಕಟ್ಟಿದರೆ ಏನು ಕಡಿಮೆ ಆಗುತ್ತದೆ? ವಾಣಿಜ್ಯ ಸಂಕೀರ್ಣ ಕಡಿಮೆ ಆಗುತ್ತದೆ. ಊರ ನಡುವಿನ ಎರಡು ಎಕರೆ, ರಸ್ತೆಗೆ ಮುಖ. ಪುರಸಭೆಗೆ ಒಮ್ಮೆಲೇ ನಿಮ್ಮ ಮೊಮ್ಮಕ್ಕಳ ಮೇಲೆ ಇಷ್ಟು ಕರುಣೆ ಬಂದದ್ದು ಯಾಕೆ ಅಂತ ನನಗಂತೂ ಅನುಮಾನ.

ಈ ಜಗಳ ಹೊಸದಲ್ಲ. ಲಂಡನ್ನಿನ ಹತ್ತಿರ ವೋಕಿಂಗ್ ಅನ್ನುವ ಊರಿದೆ. ಬ್ರಿಟನ್ನಿನ ಮೊದಲ ಚಿತಾಗಾರ ಕಟ್ಟಿದ್ದು ಅಲ್ಲಿ. 1879ರಲ್ಲಿ ಕುಲುಮೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ಮೊದಲು ಒಂದು ಸತ್ತ ಕುದುರೆಯನ್ನು ಸುಟ್ಟು ನೋಡಿದರು. ಊರಿನವರು ಪಾದ್ರಿಯನ್ನು ಮುಂದೆ ಮಾಡಿಕೊಂಡು ಗಲಾಟೆ ಎಬ್ಬಿಸಿದರು. ಗೃಹಮಂತ್ರಿಯವರೆಗೂ ದೂರು ಹೋಯಿತು. ಆರು ವರ್ಷ ಕುಲುಮೆ ತಣ್ಣಗೆ ಕೂತಿತ್ತು. ನಡುವೆ, 1884ರಲ್ಲಿ, ವೇಲ್ಸಿನ ವಿಲಿಯಂ ಪ್ರೈಸ್ ಅನ್ನುವ ಎಂಬತ್ತು ದಾಟಿದ ಡಾಕ್ಟರು ತೀರಿಕೊಂಡ ತನ್ನ ಹಸುಗೂಸನ್ನು ಗುಡ್ಡದ ಮೇಲೆ ಸುಡಲು ಹೋಗಿ ಕಟಕಟೆ ಹತ್ತಿದ. ಬೇರೆಯವರಿಗೆ ತೊಂದರೆ ಆಗದಂತೆ ಸುಟ್ಟರೆ ಅದು ಅಪರಾಧವಲ್ಲ ಅಂದರು ನ್ಯಾಯಾಧೀಶರು. ಮರುವರ್ಷ ವೋಕಿಂಗ್‌ನಲ್ಲಿ ಮೊದಲ ಹೆಣ ಸುಟ್ಟರು.

ಅದೇ ದೇಶದ ರೆಡಿಚ್ ಅನ್ನುವ ಊರಿನ ಸ್ಥಳೀಯ ಮಂಡಳಿ ಏನು ಮಾಡಿತು ಗೊತ್ತಾ? ಚಿತಾಗಾರದ ಚಿಮಣಿಯಲ್ಲಿ ಸುಮ್ನೆ ಹೋಗುವ ಬಿಸಿಯಿಂದ ಪಕ್ಕದ ಈಜುಕೊಳದ ನೀರು ಕಾಯಿಸಲು 2011ರಲ್ಲಿ ಒಪ್ಪಿತು. ವರ್ಷಕ್ಕೆ 14,500 ಪೌಂಡ್ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ಅಲ್ಲೂ ಕೆಲವರು ಮುಖ ಸಿಂಡರಿಸಿದರು. ಆದರೂ ಮಾಡಿದರು. ನಮ್ಮಲ್ಲೂ ಹಾಗೆ ಮಾಡಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ನಮ್ಮ ಕಚೇರಿಗೆ ಕಲ್ಲು ಬೀಳುತ್ತದೆ. ಒಂದು ಊರಿನ ಆಡಳಿತ ಚಿತಾಗಾರವನ್ನು ನೀರಿನ ಟ್ಯಾಂಕಿನ ಹಾಗೆ, ಲೈಬ್ರರಿಯ ಹಾಗೆ ತನ್ನದೇ ಆಸ್ತಿ ಅಂತ ನೋಡಿತಲ್ಲ, ಅದಷ್ಟೇ ನನಗೆ ಮೆಚ್ಚುಗೆ.

ನಮ್ಮ ಸಂವಿಧಾನವೂ ಹಾಗೇ ನೋಡುತ್ತದೆ. 74ನೇ ತಿದ್ದುಪಡಿಯಲ್ಲಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತದ ಹದಿನೆಂಟು ಕೆಲಸಗಳಿವೆ. ಹದಿನಾಲ್ಕನೆಯದು ಸ್ಮಶಾನ ಮತ್ತು ವಿದ್ಯುತ್ ಚಿತಾಗಾರ. ನಿಮ್ಮ ಪುರಸಭೆಯ ಗೋಡೆ ಮೇಲೆ ಆ ಪಟ್ಟಿ ಬರೆಸಿದ್ದರೆ ಓದಿ ನೋಡಿ.

ಇನ್ನು ಲೆಕ್ಕ. ನೀವು ಮೇಷ್ಟ್ರು, ಲೆಕ್ಕ ನಿಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರರಿಂದ ಏಳು ಮಂದಿ ಸಾಯುತ್ತಾರೆ. ಒಂದು ಲಕ್ಷದ ಊರೆಂದರೆ ದಿನಕ್ಕೆ ಹೆಚ್ಚುಕಮ್ಮಿ ಎರಡು ಸಾವು. ಅದರಲ್ಲಿ ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು ಹೂಳುತ್ತಾರೆ, ಇನ್ನೂ ಎಷ್ಟೋ ಜನ ಹೂಳುತ್ತಾರೆ. ಒಂದು ಕುಲುಮೆ ಸಾಕು ಅನಿಸುತ್ತದೆ. ಆದರೆ ಇವತ್ತು ಐವತ್ತು ವರ್ಷದವರು ಇನ್ನು ಇಪ್ಪತ್ತೈದು ವರ್ಷಕ್ಕೆ ಎಪ್ಪತ್ತೈದು ಮುಟ್ಟುತ್ತಾರೆ. ಹುಟ್ಟುವವರು ಕಡಿಮೆ ಆಗುತ್ತಿದ್ದಾರೆ. ರಾಜ್ಯದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಮುದುಕರೇ ಜಾಸ್ತಿ ಆದಾಗ ಏನಾಗುತ್ತದೆ ಅನ್ನುವುದಕ್ಕೆ ಜಪಾನ್ ನೋಡಿ. 2022ರಲ್ಲಿ ಅಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬಹುತೇಕ ಎಲ್ಲರನ್ನೂ ಸುಡುವ ದೇಶ ಅದು. ದೊಡ್ಡ ಊರುಗಳಲ್ಲಿ ಸರದಿಗೆ ದಿನಗಟ್ಟಲೆ ಕಾಯಬೇಕು. ಕಾಯುವ ಹೆಣಗಳಿಗೆ ಅಂತಲೇ ಹೋಟೆಲುಗಳಿವೆ. ನಿಮ್ಮ ಪುರಸಭೆಯ ಯೋಜನೆಯಲ್ಲಿ ಈ ಲೆಕ್ಕ ಇದೆಯಾ ಕೇಳಿ. ಜನನ ಮರಣ ನೋಂದಣಿ ಪುಸ್ತಕ ಅವರ ಬೀರುವಿನಲ್ಲೇ ಇರುತ್ತದೆ, ತೆಗೆದು ನೋಡಿದರೆ ಆಯಿತು.

ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಅಂತ ನಾವೇ ಕಂಡಿದ್ದೇವೆ. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಬೆಂಗಳೂರಿನ ಚಾಮರಾಜಪೇಟೆಯ ಚಿತಾಗಾರದ ಬಾಗಿಲಿಗೆ "ಹೌಸ್‌ಫುಲ್" ಅಂತ ಬೋರ್ಡು ಬಿತ್ತು. ಸಿನಿಮಾ ಟಾಕೀಸಿನಲ್ಲಿ ನೋಡಿದ ಬೋರ್ಡು ಅದು. ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ತಾವರೆಕೆರೆ ಕಡೆ ಬಯಲಿನಲ್ಲಿ ಸುಟ್ಟರು, ಗಿಡ್ಡೇನಹಳ್ಳಿಯ ಕಲ್ಲು ಕ್ವಾರಿಯಲ್ಲಿ ಸುಟ್ಟರು. ಹಿಂದಿನ ಸೆಪ್ಟೆಂಬರಿಗೇ ಪಾಲಿಕೆ ಸದಸ್ಯರ ಅವಧಿ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ನಡುರಾತ್ರಿ ಹೋಗಿ ಬಾಗಿಲು ಬಡಿಯೋಣ ಅಂದರೆ ಜನಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಯಾರೂ ಬಂದು ಒಯ್ಯದ ಐನೂರಕ್ಕೂ ಹೆಚ್ಚು ಮಂದಿಯ ಬೂದಿಯನ್ನು ಆ ಜೂನಿನಲ್ಲಿ ಕಂದಾಯ ಸಚಿವರಾಗಿದ್ದ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಗೆ ಬಿಟ್ಟರು. ಅದೊಂದನ್ನು ಮಾತ್ರ ಮರ್ಯಾದೆಯಿಂದ ಮಾಡಿದರು, ಇಲ್ಲ ಅನ್ನಲಾರೆ.

ನನ್ನ ಮನೆಯದೇ ಒಂದು ಕತೆ ಹೇಳುತ್ತೇನೆ. ನಮ್ಮಪ್ಪ ತೀರಿಕೊಂಡದ್ದು ಒಂದು ಆಷಾಢದಲ್ಲಿ. ಊರಾಚೆಗೆ ಸಾಗಿಸಿದ ಹೊಸ ವಿದ್ಯುತ್ ಚಿತಾಗಾರಕ್ಕೆ ಹನ್ನೊಂದು ಗಂಟೆಗೆ ಹೋದೆವು. "ಕಾಯಿಲ್ ಹೋಗಿದೆ ಸಾರ್, ಬೆಂಗಳೂರಿಂದ ಮೆಕ್ಯಾನಿಕ್ ಬರ್ಬೇಕು" ಅಂದ ಅಲ್ಲಿದ್ದವನು. ಎಷ್ಟು ದಿನವಾಯಿತು ಅಂದೆ. ಒಂದು ತಿಂಗಳು ಅಂದ. ಸೌದೆಗೆ ಮತ್ತೆ ಊರಿಗೇ ಬರಬೇಕಾಯಿತು. ಟೆಂಪೋ ಬಾಡಿಗೆ, ಸೌದೆ, ಮಳೆ. ಅಪ್ಪನನ್ನು ತಗಡಿನ ಚಪ್ಪರದ ಕೆಳಗೆ ಇಟ್ಟುಕೊಂಡು ಕೂತೆವು. ನಲ್ಲಿಯಲ್ಲಿ ನೀರಿಲ್ಲ. ಹೆಂಗಸರಿಗೆ ಒಂದು ಮರೆ ಇಲ್ಲ. ನಮ್ಮತ್ತೆ, ಅಪ್ಪನ ತಂಗಿ, ಅಣ್ಣನ ಮುಖ ಕೊನೇ ಸಲ ನೋಡಬೇಕು ಅಂತ ಅಷ್ಟು ದೂರ ಬಂದವಳು ಗೇಟಿನ ಹೊರಗೆ ಕೊಡೆ ಹಿಡಿದು ನಾಲ್ಕು ಗಂಟೆ ನಿಂತಿದ್ದಳು. ಸಂಜೆ ಐದಕ್ಕೆ ಬೆಂಕಿ ಹತ್ತಿತು. ಬಂದವರೆಲ್ಲ ಕೊನೆಯ ಬಸ್ಸು ತಪ್ಪುತ್ತದೆ ಅಂತ ಹೊರಟರು. ಅಲ್ಲಿದ್ದವನು ಮಾತ್ರ ಹೋಗಲಿಲ್ಲ. ಉದ್ದ ಕೋಲಿನಿಂದ ಸೌದೆ ಸರಿಸುತ್ತಾ, ಬೀಡಿ ಸೇದುತ್ತಾ, ನನ್ನ ಜೊತೆ ರಾತ್ರಿ ಹತ್ತರವರೆಗೆ ಇದ್ದ. ಸಂಬಳ ಬಂದು ಎಷ್ಟು ಕಾಲವಾಯಿತು ಅಂತ ಕೇಳಿದ್ದಕ್ಕೆ ನಕ್ಕ.

ಹರಿಶ್ಚಂದ್ರನ ಕತೆಯನ್ನು ನೀವು ಎಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿರಬೇಕು. ಮಗನ ಹೆಣ ಹೊತ್ತು ಬಂದ ಹೆಂಡತಿಯ ಹತ್ತಿರವೂ ಸುಡುವ ಕಾಸು ಕೇಳಿದವನು. ರಾಜನಾಗಿದ್ದವನು ಕಾಯಿದ ಜಾಗ ಅಂತ ಕಣ್ಣೀರು ಹಾಕುತ್ತೇವೆ. ಅದೇ ಕೆಲಸ ಇವತ್ತು ಮಾಡುವವನಿಗೆ ಕೈಗವಸು ಕೊಡುವುದಿಲ್ಲ. 2022ರಲ್ಲಿ ಸರ್ಕಾರ ಸ್ಮಶಾನ ಕಾರ್ಮಿಕರಿಗೆ "ಸತ್ಯ ಹರಿಶ್ಚಂದ್ರ ಬಳಗ" ಅಂತ ಹೆಸರಿಟ್ಟಿತು. ಹೆಸರು ಚೆನ್ನಾಗಿದೆ.

ಆರು ಕಿಲೋಮೀಟರ್ ಅಂದರೆ ನಿಮಗೆ ಕಾರಿನಲ್ಲಿ ಹತ್ತು ನಿಮಿಷ. ನಾಲ್ಕು ಜನ ಹೊತ್ತುಕೊಂಡು ಹೋಗುವವರಿಗೆ ಅದು ಬೇರೆಯೇ ದೂರ. ಕೂಲಿ ಬಿಟ್ಟು ಬಂದ ನೆಂಟರಿಗೆ, ಮುಕ್ತಿವಾಹನಕ್ಕೆ ಫೋನು ಮಾಡಿ ಕಾಯುವ ಮನೆಗೆ ಅದು ಬಾಡಿಗೆಯ ದೂರ. ಇನ್ನೊಂದು ವಿಷಯ. ನೀವು ಸಾಗಿಸುವ ಜಾಗದ ಪಕ್ಕದಲ್ಲೂ ಒಂದು ಹಳ್ಳಿ ಇರುತ್ತದೆ ಅಲ್ವಾ? ಅವರ ಕಿಟಕಿ, ಅವರ ಮೊಮ್ಮಕ್ಕಳು? 2020ರ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ಹೆಂಗಸೊಬ್ಬರನ್ನು ತಮ್ಮ ಕಡೆ ಸುಡಲು ಜನ ಬಿಡಲಿಲ್ಲ. ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ ರಾತ್ರೋರಾತ್ರಿ ಸುಟ್ಟರು, ಅಲ್ಲೂ ವಿರೋಧದ ನಡುವೆ. ನಮ್ಮ ಬೀದಿಯಲ್ಲಿ ಬೇಡ ಅನ್ನುವುದು ಅಂಟುರೋಗ. ಒಬ್ಬರು ಶುರು ಮಾಡಿದರೆ ನಿಲ್ಲುವುದಿಲ್ಲ.

ನಮ್ಮ ಊರುಗಳಿಗೆ ಇದೊಂದು ಚಾಳಿ ಆಗಿಬಿಟ್ಟಿದೆ. ಕಣ್ಣಿಗೆ ಬೇಡವಾದದ್ದನ್ನು ಆಚೆ ತಳ್ಳುವುದು. ಬೆಂಗಳೂರಿನ ಕಸ ಮಂಡೂರಿಗೆ ಹೋಯಿತು. ಹಳ್ಳಿಯವರು ವರ್ಷಗಟ್ಟಲೆ ನಾತ ಕುಡಿದು, ರಸ್ತೆಗೆ ಇಳಿದು, 2014ರ ಕೊನೆಗೆ ಲಾರಿ ನಿಲ್ಲಿಸಿದರು. ಸಂತೆ ಆಚೆಗೆ, ಬಸ್‌ಸ್ಟ್ಯಾಂಡ್ ಆಚೆಗೆ, ಕೊಳೆಗೇರಿಯವರು ಬಸ್ಸೂ ಹೋಗದ ಕಡೆಗೆ. ಊರ ನಡುವೆ ಉಳಿಯುವುದು ಮಾತ್ರ ಚಿನ್ನದಂಗಡಿ, ಕಲ್ಯಾಣಮಂಟಪ. ದಲಿತರ ಹೆಣಕ್ಕೆ ದಾರಿ ಬಿಡದ ಹಳ್ಳಿಗಳಿವೆ ನಮ್ಮಲ್ಲಿ. ಹೊಲದ ಬದುವಿನ ಮೇಲೆ, ಹಳ್ಳದ ನೀರಿನಲ್ಲಿ ಎದೆಮಟ್ಟ ಇಳಿದು ಹೊತ್ತೊಯ್ಯುವ ಫೋಟೋ ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಬರುತ್ತದೆ. ನಾವೂ ಹಾಕಿದ್ದೇವೆ. ಎಲ್ಲರೂ ಬಂದು ಹೋಗಬಹುದಾದ ಊರೊಳಗಿನ ಒಂದು ಸಾರ್ವಜನಿಕ ಸುಡುಗಾಡು ಇದೆ ಅಂದರೆ ಅದು ಚಿಕ್ಕ ವಿಷಯ ಅಲ್ಲ.

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪೈನ್ ಮರಗಳ ನಡುವೆ ಒಂದು ಸ್ಮಶಾನವಿದೆ, 1940ರಲ್ಲಿ ಮುಗಿದ ಚಿತಾಗಾರವೂ ಅದರೊಳಗೇ ಇದೆ. ಜಾಗ ಎಷ್ಟು ಚೆಂದ ಅಂದರೆ ಯುನೆಸ್ಕೋ 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಅಲ್ಲಿ ನಡೆದಾಡಲು ಹೋಗುತ್ತಾರೆ. ನಿಮ್ಮ ಊರಿನ ಎರಡು ಎಕರೆ ಅಷ್ಟಾಗಬೇಕಿಲ್ಲ. ಒಂದು ಒಳ್ಳೆಯ ಕಾಂಪೌಂಡು, ಎರಡು ಕುಲುಮೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ನೀರು ಬರುವ ನಲ್ಲಿ, ಸ್ನಾನಕ್ಕೆ ಮರೆ, ಕೂರಲು ಬೆಂಚು, ಸುತ್ತ ಹೊಂಗೆ, ಬೇವು. ಕಾಯುವವನಿಗೆ ತಿಂಗಳ ಮೊದಲ ವಾರ ಸಂಬಳ. ಇಷ್ಟಕ್ಕೆ ವಾಣಿಜ್ಯ ಸಂಕೀರ್ಣದ ಒಂದು ಮಹಡಿಯಷ್ಟೂ ಖರ್ಚು ಬರಲಾರದು.

ಮೊಮ್ಮಕ್ಕಳ ಹೆದರಿಕೆಗೆ ಮದ್ದು ನಿಮ್ಮ ಹತ್ತಿರವೇ ಇದೆ. ಒಂದು ಮಧ್ಯಾಹ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿ. ನಿಮ್ಮ ಅಪ್ಪ ಅಮ್ಮನನ್ನು ಸುಟ್ಟದ್ದು ಅಲ್ಲೇ ಇರಬೇಕಲ್ಲ?

ಒಂದು ವಿಷಯ ಪತ್ರದಲ್ಲಿ ನೀವು ಬರೆದಿಲ್ಲ. ಆ ಹುಣಸೆಮರ "ಅಷ್ಟೇ" ಅಂದಿರಿ. ಈಗಲೂ ಕಾಯಿ ಬಿಡುತ್ತದಾ? ಬಿಟ್ಟರೆ ಹಣ್ಣು ಬಡಿಯುವವರು ಯಾರು, ಯಾರ ಮನೆಯ ಸಾರಿಗೆ ಹೋಗುತ್ತದೆ? ವಿಚಾರಿಸಿ ಬರೆಯಿರಿ. ಹೆಸರು, ಊರು ಹಾಕುವುದಿಲ್ಲ.