ಇಜ್ಜೋಡು ಬೇರೆ, ಮುಯ್ಯಿ ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಸಣ್ಣ ಊರು. ಕ್ರೈಸ್ತ ವಿಶ್ವಾಸಿಗಳ ಮನೆಗಳು ನಾಲ್ಕೇ ನಾಲ್ಕು. ಪ್ರತಿ ವರ್ಷ ಎಳ್ಳಮಾವಾಸ್ಯೆಯ ದಿನ ಪಕ್ಕದ ಹೊಲದವರು ಚರಗ ಚೆಲ್ಲಿ, ನಮ್ಮನ್ನು ಊಟಕ್ಕೆ ಕರೆಯುತ್ತಾರೆ. ಹೊರಗೆ ಬಂದು ಪ್ರತ್ಯೇಕವಾಗಿರಬೇಕೆಂಬ ಸತ್ಯವೇದದ (ಬೈಬಲಿನ) ವಾಕ್ಯವನ್ನು ತೋರಿಸಿ ಸಭೆಯ ಹಿರಿಯರು ಬೇಡ ಎನ್ನುತ್ತಾರೆ. ಆದರೆ ನಮ್ಮ ಹೊಲಕ್ಕೆ ಬಿತ್ತುವಾಗ, ಕಳೆ ತೆಗೆಯುವಾಗ ಮುಯ್ಯಿ ಬರುವವರು ಅವರೇ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಹಿರಿಯರು ತೋರಿಸಿದ ಮಾತು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 6ನೆಯ ಅಧ್ಯಾಯದ 17ನೆಯ ವಚನದಲ್ಲಿದೆ. ಅದನ್ನು ಸಡಿಲಗೊಳಿಸುವ ಅಧಿಕಾರ ನನಗಿಲ್ಲ. ಆದರೆ ಆ ಬೋಧನೆ ಆರಂಭವಾಗುವುದು 14ನೆಯ ವಚನದಲ್ಲಿ, ಇಜ್ಜೋಡಾಗಬೇಡಿರಿ, ಅಂದರೆ ಹೊಂದದ ಜೋಡಿಯಾಗಿ ಒಂದೇ ನೊಗಕ್ಕೆ ಸೇರಬೇಡಿರಿ, ಎಂಬ ಮಾತಿನಿಂದ. ನಮ್ಮ ಸತ್ಯವೇದದ ಈ ಪದವನ್ನು ಪಟ್ಟಣದ ಓದುಗರಿಗಿಂತ ನಿಮ್ಮಂಥ ಒಕ್ಕಲುತನದವರು ಹೆಚ್ಚು ಚೆನ್ನಾಗಿ ಬಲ್ಲಿರಿ. ಎತ್ತನ್ನೂ ಕತ್ತೆಯನ್ನೂ ಒಂದೇ ನೇಗಿಲಿಗೆ ಹೂಡಬಾರದೆಂದು ಧರ್ಮೋಪದೇಶಕಾಂಡ 22:10ರಲ್ಲಿ ಇರುವ ವಿಧಿಯ ನೆನಪು, ಈ ಪತ್ರಿಕೆ ಬರೆದ ಅಪೊಸ್ತಲ ಪೌಲನ ಈ ಮಾತಿನ ಹಿಂದಿದೆ. ಒಂದು ನೊಗಕ್ಕೆ ಕೊರಳು ಕೊಟ್ಟ ಎರಡು ಪ್ರಾಣಿಗಳಿಗೆ ಹೊಡೆಯುವವನು ಒಬ್ಬನೇ, ಸಾಲೂ ಒಂದೇ; ಒಂದು ಎಡಕ್ಕೆ ತಿರುಗಿದರೆ ಇನ್ನೊಂದೂ ತಿರುಗಲೇಬೇಕು. ಮುಯ್ಯಿ ಹಾಗಲ್ಲ. ಇಂದು ಅವರು ನಿಮ್ಮ ಹೊಲಕ್ಕೆ ಬರುತ್ತಾರೆ, ನಾಳೆ ನೀವು ಅವರ ಹೊಲಕ್ಕೆ ಹೋಗುತ್ತೀರಿ, ಸಂಜೆ ಅವರವರು ಅವರವರ ಮನೆ ಸೇರುತ್ತಾರೆ. ಬೆವರು ಕೂಡಿದರೂ ಕೊರಳು ಕೂಡುವುದಿಲ್ಲ. ಪೌಲನು ತಡೆದದ್ದು ಇಜ್ಜೋಡನ್ನು. ಮುಯ್ಯಿಯನ್ನು ಅವನು ತಡೆಯಲಿಲ್ಲ.

ಇದು ನನ್ನ ಊಹೆಯಲ್ಲ. ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ, ತಾನು ಹಿಂದೆ ಬರೆದದ್ದನ್ನು ಸಭೆಯವರು ತಪ್ಪಾಗಿ ತಿಳಿದಿದ್ದಾರೆಂದು ಅವನೇ ತಿದ್ದುತ್ತಾನೆ: ಲೋಕದಲ್ಲಿರುವ ದುರಾಚಾರಿಗಳ, ಲೋಭಿಗಳ, ವಿಗ್ರಹಾರಾಧಕರ ಸಹವಾಸವನ್ನು ಪೂರ್ತಿಯಾಗಿ ಬಿಡಬೇಕೆಂದು ತಾನು ಹೇಳಿರಲಿಲ್ಲ, ಹಾಗೆ ಬಿಡುವುದಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು ಎಂದು. ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ತಂದೆಗೆ ಮಾಡಿದ ಪ್ರಾರ್ಥನೆಯೂ ಇದೇ ತೆರನಾದದ್ದು. ಶಿಷ್ಯರನ್ನು ಲೋಕದಿಂದ ತೆಗೆದುಬಿಡು ಎಂದು ಕೇಳದೆ, ಕೆಡುಕನಿಂದ ಅವರನ್ನು ಕಾಪಾಡು ಎಂದು ಕೇಳಿಕೊಂಡನು (ಯೋಹಾನ 17:15).

ಇನ್ನು ಊಟದ ವಿಷಯ. ಕೊರಿಂಥದ ವಿಶ್ವಾಸಿಗಳ ಸ್ಥಿತಿ ನಿಮ್ಮದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಆ ಪಟ್ಟಣದ ಉತ್ಖನನದಲ್ಲಿ ಅಸ್ಕ್ಲೇಪಿಯಸ್ ಎಂಬ ದೇವರ ಗುಡಿಗೆ ಹೊಂದಿಕೊಂಡಂತೆ ಊಟದ ಕೋಣೆಗಳೇ ಸಿಕ್ಕಿವೆ. ನೆಂಟರು ಕರೆದ ಔತಣ ಗುಡಿಯ ಮಗ್ಗುಲಲ್ಲೇ ನಡೆಯಬಹುದಾಗಿತ್ತು. ಒಂದೂವರೆ ವರ್ಷ ಅಲ್ಲಿ ವಾಸವಾಗಿದ್ದ ಪೌಲನು ಇದನ್ನೆಲ್ಲ ಕಣ್ಣಾರೆ ಕಂಡವನು. ಆದ್ದರಿಂದಲೇ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ಅವನು ಮೂರು ಸಂದರ್ಭಗಳನ್ನು ಬಿಡಿಸಿ ನೋಡುತ್ತಾನೆ. ಪೂಜೆಯ ಪಂಕ್ತಿಯಲ್ಲಿ ಪಾಲುಗಾರನಾಗುವುದು ಬೇಡ, ಏಕೆಂದರೆ ಕರ್ತನ ಮೇಜಿನಲ್ಲಿಯೂ ಆ ಮೇಜಿನಲ್ಲಿಯೂ ಒಟ್ಟಿಗೆ ಪಾಲು ಸಲ್ಲದು. ನಂಬದವರು ಮನೆಗೆ ಕರೆದರೆ, ಹೋಗಲು ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ಊಟ ಮಾಡಬಹುದು. ಇದು ದೇವರಿಗೆ ಅರ್ಪಿಸಿದ್ದು ಎಂದು ಯಾರಾದರೂ ಬಾಯಿಬಿಟ್ಟು ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಅದನ್ನು ಬಿಡಬೇಕು.

ಇದನ್ನು ನಿಮ್ಮ ಎಳ್ಳಮಾವಾಸ್ಯೆಗೆ ಹೊಂದಿಸಿ ನೋಡಿ. ಚರಗ ಚೆಲ್ಲುವುದು ಭೂಮಿತಾಯಿಗೆ ಸಲ್ಲಿಸುವ ಪೂಜೆ. ಅದನ್ನು ಬರೀ ಸಂಪ್ರದಾಯ ಎಂದು ಕರೆದು ನಿಮ್ಮ ಕೈಯಿಂದ ಚೆಲ್ಲಬೇಡಿ. ಹಾಗೆ ಕರೆಯುವುದು, ಭಕ್ತಿಯಿಂದ ಮಾಡುವ ಅವರಿಗೂ ಅಗೌರವ. ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಅವರ ಕಟ್ಟೆಯ ಮೇಲೆ ಕುಳಿತು, ನಾವು ಚರಗದ ಹೊತ್ತಿಗೆ ಬರುವುದಿಲ್ಲ, ಬೆಳೆ ಕೊಟ್ಟ ದೇವರಿಗೆ ನಮ್ಮ ಹೊಲದಲ್ಲಿ ನಾವೇ ಕೃತಜ್ಞತೆಯ ಪ್ರಾರ್ಥನೆ ಮಾಡುತ್ತೇವೆ, ಆಮೇಲೆ ನಿಮ್ಮ ಜೊತೆ ಊಟಕ್ಕೆ ಕೂರುತ್ತೇವೆ ಎಂದು ನೇರವಾಗಿ ಹೇಳಿ. ಸಜ್ಜೆ ರೊಟ್ಟಿಯನ್ನೂ ಶೇಂಗಾ ಹೋಳಿಗೆಯನ್ನೂ ಬದನೆಕಾಯಿ ಪಲ್ಯವನ್ನೂ ಸಂತೋಷದಿಂದ ಊಟ ಮಾಡಿ. ಇದು ಎಡೆಯದು, ತೆಗೆದುಕೊಳ್ಳಿ ಎಂದರೆ ಕೈ ಮುಗಿದು ಬೇಡ ಎನ್ನಿ. ಆ ಅಮಾವಾಸ್ಯೆ ಬರುವುದು ಕ್ರಿಸ್ಮಸ್ಸಿನ ಆಸುಪಾಸಿನಲ್ಲೇ ಆದ್ದರಿಂದ, ಅವರನ್ನೂ ನಿಮ್ಮ ಮನೆಗೆ ಕರೆಯಿರಿ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೊಸದಾಗಿ ನಂಬಿದ ವರ್ಷಗಳಲ್ಲಿ ನಾನು ನೆರೆಮನೆಯ ಹಿರಿಯರೊಬ್ಬರು ಕೊಟ್ಟ ರೊಟ್ಟಿಯ ಬುತ್ತಿಯನ್ನು, ಅದು ಎಂಥದ್ದೆಂದು ಕೇಳದೆಯೇ, ಬಾಗಿಲಿಂದಲೇ ಹಿಂದಕ್ಕೆ ಕಳಿಸಿದೆ. ಅದನ್ನು ಪರಿಶುದ್ಧತೆ ಎಂದುಕೊಂಡಿದ್ದೆ. ಅವರು ಬದುಕಿರುವ ತನಕ ಮತ್ತೆ ನಮ್ಮ ಮನೆಗೆ ಬರಲಿಲ್ಲ, ನಾನು ನಂಬಿದ ಕರ್ತನ ಬಗ್ಗೆ ಅವರೊಂದಿಗೆ ಒಂದು ಮಾತು ಆಡುವ ಅವಕಾಶವೂ ನನಗೆ ಸಿಗಲಿಲ್ಲ. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಹಾಗೆಂದು ಹಿರಿಯರನ್ನು ಮೀರಿ ಹೋಗಬೇಡಿ. ಉಳಿದ ಮೂರು ಮನೆಗಳಲ್ಲಿ, ಹಳೆಯ ಪೂಜೆಯ ಭಯ ಇನ್ನೂ ಬಿಡದ ಯಾರಾದರೂ ನಿಮ್ಮನ್ನು ಕಂಡು ಎಡವುವಂತಿದ್ದರೆ, ಅದೇ ಮೊದಲನೆಯ ಪತ್ರಿಕೆಯ 8ನೆಯ ಅಧ್ಯಾಯದ ಪ್ರಕಾರ ಆ ವರ್ಷದ ಊಟವನ್ನು ಬಿಡುವುದೇ ಪ್ರೀತಿ. ಆದರೆ ಮುಯ್ಯಿಗೆ ಮಾತ್ರ ತಪ್ಪದೆ ಹೋಗಿ.

ಪ್ರಶ್ನೆ: ನಾನು ಬಳ್ಳಾರಿಯ ಯುವಕ. ನಮ್ಮ ಸಭೆಯಲ್ಲಿ ಸಿನಿಮಾ, ಒಡವೆ, ಉಡುಪಿನ ಬಗ್ಗೆ ಕಟ್ಟುನಿಟ್ಟಿದೆ. ಹಣ ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. ನಾವು ದೂರವಿರಬೇಕಾದ ಲೋಕ ಎಂದರೆ ನಿಜವಾಗಿ ಯಾವುದು?

ಉತ್ತರ: ಯೋಹಾನನ ಮೊದಲನೆಯ ಪತ್ರಿಕೆ 2:16 ಲೋಕಕ್ಕೆ ಸೇರಿದ್ದು ಯಾವುದೆಂದು ಹೇಳುತ್ತದೆ: ಶರೀರದ ಆಶೆ, ಕಣ್ಣಿನ ಆಶೆ, ಬದುಕಿನ ಡಂಬ. ಈ ಮೂರಕ್ಕೂ ಸಿನಿಮಾ ಮಂದಿರವೇ ಬೇಕೆಂದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಅದಿರಿನ ಬೆಲೆ ಏರಿದ ವರ್ಷಗಳನ್ನು ನಿಮ್ಮ ಹಿರಿಯರು ಬಲ್ಲರು. ಸಾಲ ಮಾಡಿ ಲಾರಿ ಕೊಂಡವರಲ್ಲಿ, ಒಂದು ಲೋಡಿಗೆ ಎಷ್ಟು ತುಂಬಿದ್ದೇವೆ, ಅದಿರು ಯಾವ ಗಣಿಯದು, ಪರವಾನಗಿ ಇದೆಯೇ ಎಂದು ಕೇಳದೆ ಓಡಿಸಿದವರಲ್ಲಿ ನಮ್ಮವರೂ ಇದ್ದರು. ಭಾನುವಾರದ ಕಾಣಿಕೆಯ ಚೀಲ ತುಂಬಿದಾಗ ಯಾವ ಸಭೆಯೂ ವಿಚಾರಿಸಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಕೇಳಬೇಕಾಗಿ ಬಂದ ಪ್ರಶ್ನೆಗಳನ್ನು ದೇವಜನರು ಮೊದಲೇ ಕೇಳಬೇಕಾಗಿತ್ತು. ಇಜ್ಜೋಡು ಎಂದರೆ ಇದೇ: ಹೊಡೆಯುವವನು ಧನವಾದಾಗ ಸಾಲು ಅವನದೇ.

ಒಡವೆಯ ಬಗ್ಗೆ ನಿಮ್ಮ ಸಭೆಯ ಶಿಸ್ತನ್ನು ಹಗುರವಾಗಿ ಕಾಣಬೇಡಿ, ಸರಳತೆ ಒಳ್ಳೆಯದು. ಅದರ ಜೊತೆಗೆ, ಬಡ್ಡಿಯ ದರವನ್ನೂ ಆಳುಗಳ ಕೂಲಿಯನ್ನೂ ಅದೇ ಕಟ್ಟುನಿಟ್ಟಿನಿಂದ ವಿಚಾರಿಸುವಂತೆ ವಿನಯದಿಂದ ಕೇಳಿ. ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬನು 5:4ರಲ್ಲಿ ಬರೆದಿದ್ದಾನೆ. ನಿಮ್ಮ ಊರಿಗೆ ಇನ್ನೊಂದು ನೆನಪೂ ಉಂಟು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. 1831ರ ವೇಳೆಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಊರ ಜನರಿಂದ ದೂರ ಕುಳಿತವರಿಗೆ ಊರ ಜನರ ನುಡಿ ಬರುವುದಿಲ್ಲ.

ಪ್ರಶ್ನೆ: ನಾನು ಕೊಪ್ಪಳದಲ್ಲಿ ಶುಶ್ರೂಷಕಿ. ಗವಿಮಠದ ಜಾತ್ರೆಯ ವೈದ್ಯಕೀಯ ಶಿಬಿರಕ್ಕೆ ನನ್ನನ್ನು ನೇಮಿಸುತ್ತಾರೆ. ರಜೆ ಹಾಕಲೇ?

ಉತ್ತರ: ರಜೆ ಹಾಕಬೇಡಿ, ಹೋಗಿ. ಸೆರೆಯಾಗಿ ಬಾಬೆಲಿಗೆ ಹೋದವರಿಗೇ, ಆ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕಾಗಿ ಪ್ರಾರ್ಥಿಸಿರಿ ಎಂದು ಯೆರೆಮೀಯನು ಬರೆದು ಕಳಿಸಿದನು (29:7). ತೇರು ಎಳೆಯುವ ನೂಕುನುಗ್ಗಲಿನಲ್ಲಿ ಬಿದ್ದವರ ಗಾಯ ತೊಳೆಯುವುದು ನಿಮ್ಮ ಪಾಲಿನ ಆರಾಧನೆ. ಪಾಳಿ ಮುಗಿಸಿ ಹೊರಡುವ ಮುನ್ನ, ಜೊತೆಯ ಶುಶ್ರೂಷಕಿಯರಲ್ಲಿ ಯಾರಾದರೂ ತೇರು ನೋಡಿ ಬರಲು ಬಯಸಿದರೆ, ಅವರ ಒಂದು ಗಂಟೆಯ ಕೆಲಸವನ್ನೂ ನೀವೇ ಮಾಡಿಕೊಡಿ.