ವ್ಯಾಲೆಟ್ಟಾದಲ್ಲಿ ಉಳಿದರೆ ಬೀಚ್ ಸಿಗುತ್ತದೆಯೇ?

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ, ಅತ್ತೆ-ಮಾವನವರನ್ನೂ ಕರೆದುಕೊಂಡು ಮಾಲ್ಟಾಕ್ಕೆ ಹೋಗುವ ಆಸೆ. ರಾಜಧಾನಿಯಲ್ಲೇ ಉಳಿದರೆ ಬೀಚ್, ಊರು ಎರಡೂ ಆಗುತ್ತದೆಯೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಆಗುತ್ತದೆ. ಆದರೆ ವ್ಯಾಲೆಟ್ಟಾ ಬಂಡೆಯ ಮೇಲಿನ ಕೋಟೆಯೂರು, ಅಲ್ಲಿ ಮರಳಿನ ತೀರವಿಲ್ಲ. ಊರಬಾಗಿಲ ಹೊರಗೇ ಇರುವ ಬಸ್ ನಿಲ್ದಾಣದಲ್ಲಿ 41ನೇ ನಂಬರಿನ ಬಸ್ ಹತ್ತಿ, ಮೆಲ್ಲೀಹಾ ದಾಟಿ ಘಾದಿರಾ ಬೀಚಿನಲ್ಲಿ ಇಳಿಯಿರಿ. ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬಹುದೂರ ನೀರು ಆಳವಿಲ್ಲ. ಮಕ್ಕಳಿಗೂ ಹಿರಿಯರಿಗೂ ಇದೇ ಸರಿ. ನಮ್ಮ ರಜೆಯ ಲೆಕ್ಕ ಮಾತ್ರ ಅಲ್ಲಿ ಹೊಂದುವುದಿಲ್ಲ: ಏಪ್ರಿಲ್–ಮೇನಲ್ಲಿ ಬಿಸಿಲಿದ್ದರೂ ಕಡಲು ತಣ್ಣಗೇ ಇರುತ್ತದೆ. ಈಜಬೇಕೆಂದರೆ ದಸರಾ ರಜೆಯೇ ಮೇಲು.

ವ್ಯಾಲೆಟ್ಟಾದಲ್ಲಿರುವ ಸೇಂಟ್ ಜಾನ್ಸ್ ಕೋ-ಕ್ಯಾಥೆಡ್ರಲ್ ಚರ್ಚನ್ನು ಖಂಡಿತ ಬಿಡಬೇಡಿ. ಕ್ಯಾರವಾಜಿಯೊ 1608ರಲ್ಲಿ ಬರೆದ ದೊಡ್ಡ ಚಿತ್ರ ಅಲ್ಲಿದೆ. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಭುಜ, ಮಂಡಿ ಮುಚ್ಚಿರಬೇಕು. ನೆಲವೆಲ್ಲ ಅಮೃತಶಿಲೆಯ ಸಮಾಧಿಗಳಾದ್ದರಿಂದ ಚೂಪು ಹಿಮ್ಮಡಿಯ ಚಪ್ಪಲಿ ಬೇಡ. ಹತ್ತಿರದ ಪಾವ್ಲಾ ಊರಿನ ಹೈಪೊಜಿಯಮ್ ಎಂಬ, ಇತಿಹಾಸಪೂರ್ವ ಕಾಲದಲ್ಲಿ ಬಂಡೆ ಕೊರೆದು ಮಾಡಿದ ಸಮಾಧಿ ನೆಲಮಾಳಿಗೆಗೆ ದಿನಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಏಕೆಂದರೆ ಉಸಿರಿನ ತೇವಕ್ಕೆ ಕಲ್ಲಿನ ಬಣ್ಣ ಹಾಳಾಗುತ್ತದೆ. ವೀಸಾ ಕೈಸೇರಿದ ಕೂಡಲೇ ಅದರ ಟಿಕೆಟ್ ಮಾಡಿಸಿ.

ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ. ಅದಕ್ಕೆ ಮಾಡಿಸುವ ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋವರೆಗಿನ ವೆಚ್ಚ ಭರಿಸುವಂತಿರಬೇಕು.